ದೋಣಿಯ ಎಂಜಿನ್

೯ ಜನವರಿ

ಅಣ್ಣಾ,

ಜೀಪು ಸತ್ತಿತು. ಪಕ್ಕದಲ್ಲಿ ಕೂತ ಇವರು "ಹಂಗೆಲ್ಲ ಬರೀಬೇಡ, ಎಂಜಿನ್ ಸೀಜ್ ಆಯ್ತು ಅಂತ ಬರಿ" ಎಂದು ಗದರುತ್ತಿದ್ದಾರೆ. ಸೀಜ್ ಆದರೇನು, ಸತ್ತರೇನು, ನನ್ನ ಪಾಲಿಗೆ ಎರಡೂ ಒಂದೇ. ಕಲ್ಲುಗಣಿಯ ಏರಿನಲ್ಲಿ ಜನ ತುಂಬಿಕೊಂಡು ಹೋಗುವಾಗ ಒಳಗೆ ಏನೋ ಕಟಕಟ ಎಂದು ಕಡಿದು ನಿಂತುಬಿಟ್ಟಿತಂತೆ. ಕೂತಿದ್ದವರೇ ಇಳಿದು, ಹಗ್ಗ ಕಟ್ಟಿ ಹಿಡಿದುಕೊಂಡು ಊರಿಗೆ ಇಳಿಸಿ ತಂದರು. ಈಗ ನಮ್ಮ ಬಾಗಿಲೆದುರು ನಿಂತಿದೆ. ಬೀದಿಯ ಬೆಕ್ಕುಗಳು ಸೀಟಿನ ಮೇಲೆ ಸಂಸಾರ ಹೂಡಿವೆ.

ಹೊಸ ಪೆಟ್ರೋಲ್ ಎಂಜಿನ್ ಹಾಕಿಸುವುದು ನಮ್ಮ ಕೈಲಾಗದ ಮಾತು. ಹಾಕಿಸಿದರೂ ದುಡಿದದ್ದನ್ನೆಲ್ಲ ಅದೇ ಕುಡಿದುಬಿಡುತ್ತದೆ. ಗಣಿಯ ಮೇಸ್ತ್ರಿ ಒಳ್ಳೆಯವನು. ಏಪ್ರಿಲ್ ತನಕ ಕೆಲಸದವರನ್ನು ಕಲ್ಲಿನ ಲಾರಿಯಲ್ಲೇ ಹತ್ತಿಸುತ್ತೇನೆ, ಆಮೇಲೆ ಬೇರೆ ಗಾಡಿ ಗೊತ್ತುಮಾಡುತ್ತೇನೆ ಎಂದಿದ್ದಾನೆ.

ನನಗೆ ಗಾಡಿಗಿಂತ ಇವರದೇ ಚಿಂತೆ. ಓದಲು ಬಾರದವರ ಪಕ್ಕ ಕೂತು ಬರೆಯುವ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ. ಹಿಂದೆ ಲಾರಿ ಕೆಲಸ ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದವರು ಚಳಿಗಾಲವಿಡೀ ಏಳಲಿಲ್ಲ. ನೀನು ಬಂದು ತಲೆಯ ಮೇಲೆ ಕೊಡ ನೀರು ಸುರಿದು ಎಬ್ಬಿಸಿದೆ, ನೆನಪಿದೆಯಾ? ನಿನ್ನೆಯಿಂದ ಮತ್ತೆ ಆ ಗೋಡೆಯ ಕಡೆಯೇ ನೋಡುತ್ತಿದ್ದಾರೆ. ಈ ಸಲ ಮಲಗಿದರೆ ಎಬ್ಬಿಸುವ ಶಕ್ತಿ ನನಗಿಲ್ಲ.

ನೀನು ಬಂದರಿನಲ್ಲಿ ಎಂಜಿನ್ನುಗಳ ನಡುವೆಯೇ ಬದುಕುವವನು. ಏನಾದರೂ ದಾರಿ ಇದ್ದರೆ ಬರಿ. ನೀನು ಬರೆದದ್ದನ್ನು ನಾನು ಇವರಿಗೆ ಓದಿ ಹೇಳುತ್ತೇನೆ, ಇವರು ಹೇಳಿದ್ದನ್ನು ನಾನು ನಿನಗೆ ಬರೆಯುತ್ತೇನೆ.

ಸೂಜಿ


೨೧ ಜನವರಿ

ಪ್ರೀತಿಯ ಸೂಜಿ,

ಕ್ಷೇಮ ಎಂದು ಶುರುಮಾಡುವುದು ವಾಡಿಕೆ. ಮೊಣಕೈ ತನಕ ಗ್ರೀಸು, ಮೂಗಿನ ತುಂಬ ಮೀನಿನ ವಾಸನೆ. ಇದನ್ನು ಕ್ಷೇಮ ಎನ್ನಬಹುದಾದರೆ ನಾನು ಕ್ಷೇಮ.

ದಾರಿ ಇದೆ. ಇಲ್ಲಿ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಮೈ ಹೋಯಿತು, ಎಂಜಿನ್ ಉಳಿಯಿತು. ಮೂರು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್, ನಿಮ್ಮ ಜೀಪಿನ ಹೊಟ್ಟೆಗೆ ಹೇಳಿಮಾಡಿಸಿದ ಹಾಗಿದೆ. ದೋಣಿಯ ಮಾಲೀಕ ಅದನ್ನು ನನಗೆ ಬಿಟ್ಟುಕೊಟ್ಟಿದ್ದಾನೆ. ಬದಲಿಗೆ ಅವನ ಇನ್ನೊಂದು ದೋಣಿಯ ರಿಪೇರಿ ನಾನು ಮಾಡಿಕೊಡಬೇಕು. ಅದು ನನ್ನ ತಲೆನೋವು, ನಿಮ್ಮದಲ್ಲ. ಡೀಸೆಲ್ ಹಾಕಿಕೊಂಡರೆ ಗಾಡಿ ಮಗುವಿನ ಹಾಗೆ ಸ್ವಲ್ಪ ಕುಡಿಯುತ್ತದೆ, ಕತ್ತೆಯ ಹಾಗೆ ದುಡಿಯುತ್ತದೆ. ಆಯುಷ್ಯವಿಡೀ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿದವನು ನಾನು. ನನ್ನ ಮಾತು ನಂಬು.

ತೊಡಕು ಒಂದಿದೆ. ಈ ಎಂಜಿನ್ನಿನ ಬಾಯಿ ಒಂದು ಅಳತೆ, ನಿಮ್ಮ ಗೇರ್‌ಬಾಕ್ಸಿನ ಬಾಯಿ ಇನ್ನೊಂದು ಅಳತೆ. ಎರಡನ್ನೂ ಸೇರಿಸಲು ನಡುವೆ ಉಕ್ಕಿನ ಪ್ಲೇಟು ಕೂರಿಸಬೇಕು. ಅದರ ತೂತುಗಳು ಕೂದಲೆಳೆಯಷ್ಟು ಆಚೀಚೆ ಆದರೂ ಕ್ಲಚ್ ಕಡಿದುಹೋಗುತ್ತದೆ. ನಾನು ಬಂದು ಅಳೆಯುವ ಹಾಗಿಲ್ಲ. ಮೀನಿನ ಸೀಸನ್ನಿನಲ್ಲಿ ರಜೆ ಕೇಳಿದರೆ ನನ್ನನ್ನೇ ಸಮುದ್ರಕ್ಕೆ ಎಸೆಯುತ್ತಾರೆ. ಹಾಗಾಗಿ ಕೆಲಸ ನಿನ್ನದು. ಭಾವ ಹಳೆಯ ಎಂಜಿನ್ ಇಳಿಸಲಿ. ನೀನು ಗಟ್ಟಿ ರಟ್ಟನ್ನು ಗೇರ್‌ಬಾಕ್ಸಿನ ಬಾಯಿಗೆ ಒತ್ತಿ ಹಿಡಿದು, ಅಂಗಿಯ ಮಾದರಿ ತೆಗೆಯುವ ಹಾಗೆ ಗೆರೆ ಎಳೆ. ಒಂದೊಂದು ತೂತೂ ಅದರಲ್ಲಿ ಬರಬೇಕು. ಹೊಲಿಗೆಗೆಂದು ಅರ್ಧ ಇಂಚು ಬಿಟ್ಟೀಯ, ಜೋಕೆ.

ಭಾವನಿಗೆ ಹೇಳು, ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಸ್ಪ್ಯಾನರ್ ಹಿಡಿಯಲಿ ಎಂದು.

ಅಣ್ಣ


೬ ಫೆಬ್ರವರಿ

ಅಣ್ಣಾ,

ಮಾದರಿ ಕಳಿಸಿದ್ದೇನೆ. ಸ್ಕೂಲು ಯೂನಿಫಾರ್ಮಿನ ಪೆಟ್ಟಿಗೆಯ ರಟ್ಟು ಅದು. ಗ್ರೀಸು ಒರೆಸಿ, ಅಂಚಿಗೆ ಸೀಮೆಸುಣ್ಣ ಬಳಿದು, ರಟ್ಟು ಒತ್ತಿ ಅಚ್ಚು ತೆಗೆದೆ. ತೂತುಗಳನ್ನು ದಬ್ಬಳದಿಂದ ಚುಚ್ಚಿದೆ. ಒಂದನ್ನೇ ನಂಬಬಾರದೆಂದು ಎರಡನೆಯದನ್ನೂ ತೆಗೆದು, ಎರಡನ್ನೂ ಜೋಡಿಸಿ ಕಿಟಕಿಗೆ ಹಿಡಿದೆ. ಎಲ್ಲ ತೂತಿನಿಂದಲೂ ಬೆಳಕು ಬಂತು. ನನ್ನ ಜನ್ಮದಲ್ಲಿ ಯಾವ ಕಾಲರನ್ನೂ ಇಷ್ಟು ಶ್ರದ್ಧೆಯಿಂದ ಕತ್ತರಿಸಿಲ್ಲ.

ಇವರು ಎದ್ದಿದ್ದಾರೆ. ಹಳೆಯ ಎಂಜಿನ್ ಇಳಿಸಲು ಗಣಿಯಿಂದ ನಾಲ್ಕು ಜನ ಬಂದರು. ಅವರ ಜೊತೆ ಅಡುಗೆ ಅಜ್ಜನೂ ಬಂದ. ಗಣಿಯ ಕ್ಯಾಂಟೀನಿನಲ್ಲಿ ಬೇಯಿಸುವ ಮುದುಕ; ದಿನಾ ಇವರ ಪಕ್ಕದ ಸೀಟಿನಲ್ಲಿ ಮೊಟ್ಟೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತುವವನು. ಇವರ ಡ್ರೈವಿಂಗಿಗೆ ಅವನೇ ಪರೀಕ್ಷಕ. ಒಂದೂ ಒಡೆಯದಿದ್ದರೆ "ಇವತ್ತು ಪಾಸು" ಅನ್ನುತ್ತಾನೆ, ಒಡೆದರೆ "ನಿನಗೂ ಅದೇ ಊಟ" ಅನ್ನುತ್ತಾನೆ. ಇವರು ನಗುವುದು ಅವನೊಬ್ಬನ ಮಾತಿಗೆ. ಕಲ್ಲಿನ ಲಾರಿಯಲ್ಲಿ ಬುಟ್ಟಿ ಹಿಡಿದು ನಿಲ್ಲಲಾಗದೆ ಈಗ ನಡೆದೇ ಗುಡ್ಡ ಹತ್ತುತ್ತಿದ್ದಾನೆ, ಪಾಪ.

ಒಂದು ಮಾತು, ಸಿಟ್ಟಾಗಬೇಡ. ದೋಣಿಯ ಎಂಜಿನ್ ಎಂದು ಓದಿ ಹೇಳಿದಾಗ ಇವರು "ನಿಮ್ಮಣ್ಣ ಸಮುದ್ರದ ಮನುಷ್ಯ, ಗುಡ್ಡದ ಗಾಡಿ ಅವನಿಗೇನು ಗೊತ್ತು" ಎಂದರು. ಎಂಜಿನ್ ಕೈಗೆ ಬಂದರೆ ಅವರೇ ಸುಮ್ಮನಾಗುತ್ತಾರೆ.

ಸೂಜಿ


೨ ಮಾರ್ಚ್

ಸೂಜಿ,

ನಿನ್ನ ರಟ್ಟಿಗೆ ಒಂದು ಸಲಾಂ. ಪ್ಲೇಟು ಕತ್ತರಿಸಿ ತೂತು ಹೊಡೆದು ಇಟ್ಟರೆ ಉಗುರು ತೂರಿಸಲೂ ಸಂದಿಲ್ಲ. ಬಂದರಿನ ಲೇತ್‌ನವನು ಯಾವ ಎಂಜಿನಿಯರ್ ಅಳೆದದ್ದು ಎಂದು ಕೇಳಿದ. ನನ್ನ ತಂಗಿ, ಚಡ್ಡಿ ಹೊಲಿಯುವವಳು ಎಂದೆ.

ಎಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಮೀನಿನ ಲಾರಿಯಲ್ಲಿ ಕಳಿಸಿದ್ದೇನೆ. ಸಮುದ್ರದ ನೀರು ಎಳೆಯುವ ಪಂಪು ತೆಗೆದು ರೇಡಿಯೇಟರಿಗೆ ಒಪ್ಪುವ ಹಾಗೆ ಮಾಡಿದ್ದೇನೆ. ಭಾವನಿಗೆ ಓದಿ ಹೇಳು: ಇದು ಹಳೆಯದಕ್ಕಿಂತ ಭಾರ, ಆದ್ದರಿಂದ ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚು ಹಾಕಬೇಕು. ಎಂಜಿನ್ ಕೂರುವ ಕಡೆ ದಪ್ಪ ರಬ್ಬರ್ ಇಡಬೇಕು, ಇಲ್ಲದಿದ್ದರೆ ಕೂತವರ ಹಲ್ಲು ಉದುರುತ್ತದೆ. ಇನ್ನೊಂದು, ಡೀಸೆಲ್ಲಿಗೆ ಕಿಡಿ ಬೇಕಿಲ್ಲ, ಕೀಲಿ ತಿರುಗಿಸಿದರೆ ಅದು ನಿಲ್ಲುವುದಿಲ್ಲ. ಡೀಸೆಲ್ ಹರಿಯುವುದನ್ನು ತಡೆಯುವ ತಂತಿ ಇದೆ, ಅದನ್ನು ಎಳೆಯಬೇಕು.

ಸಮುದ್ರದ ಮನುಷ್ಯನಿಗೆ ಗುಡ್ಡ ಗೊತ್ತಿಲ್ಲ, ಒಪ್ಪಿದೆ. ಆದರೆ ಎಂಜಿನ್ನಿಗೆ ತಾನು ನೀರಿನಲ್ಲಿದ್ದೇನೋ ಗುಡ್ಡದಲ್ಲಿದ್ದೇನೋ ಗೊತ್ತಾಗುವುದಿಲ್ಲ. ಅದು ತಿರುಗುತ್ತದೆ, ಅಷ್ಟೇ. ಇದನ್ನೂ ಓದಿ ಹೇಳು.

ಅಣ್ಣ


೨೨ ಮಾರ್ಚ್

ಅಣ್ಣಾ,

ಎಂಜಿನ್ ಬಂತು, ಕೂತಿತು. ಪ್ಲೇಟು ಒಂದೇ ಪೆಟ್ಟಿಗೆ ಕೂತದ್ದನ್ನು ಕಂಡು ಇವರು ನನ್ನ ಕಡೆ ತಿರುಗಿ ನೋಡಿದರು. ನನಗೆ ಅಷ್ಟೇ ಸಾಕಾಯಿತು.

ಇನ್ನು ಇವರು ಬರೆಸುವುದನ್ನು ಬರೆಯುತ್ತೇನೆ, ಇದರಲ್ಲಿ ನನ್ನದೇನೂ ಇಲ್ಲ. ಎಂಜಿನ್ ತುಂಬ ಅದುರುತ್ತದಂತೆ. ಬಾನೆಟ್ ಮುಚ್ಚುವುದಿಲ್ಲ, ಕತ್ತರಿಸಬೇಕಾಯಿತು. ತಳದಲ್ಲಿ ಎಣ್ಣೆ ಜಿನುಗುತ್ತದೆ. ಹೊಗೆ ಕಪ್ಪು. ಮೀನಿನ ನಾತ ಹೋಗಿಲ್ಲ, ಬೀದಿಯ ಬೆಕ್ಕುಗಳು ಈಗ ನೆಂಟರನ್ನೂ ಕರೆಸಿವೆ. ಡೈನಮೋದ ಬೆಲ್ಟು ಉದ್ದ. ಆಕ್ಸಿಲರೇಟರ್ ತಂತಿ ಗಿಡ್ಡ. ಇವರ ಮಾತು ಇದ್ದದ್ದು ಇದ್ದಂತೆ: "ನಿಮ್ಮಣ್ಣ ತನಗೆ ಬೇಡದ್ದನ್ನ ನಮಗೆ ಸಾಗಹಾಕಿದಾನೆ."

ಕೊನೆಗೆ ಒಂದು ದಪ್ಪ ರಬ್ಬರ್ ಪೈಪು ಉಳಿದಿದೆ. ಹಳೆಯ ಎಂಜಿನ್ನಿನ ಗಾಳಿ ಎಳೆಯುವ ಕಡೆ ಸೇರಿತ್ತು. ಇನ್ನೊಂದು ತುದಿ ಬ್ರೇಕ್ ಪೆಡಲಿನ ಮುಂದಿರುವ ದುಂಡನೆಯ ಕಪ್ಪು ಡಬ್ಬಿಗೆ ಹೋಗುತ್ತದೆ. ಹೊಸ ಎಂಜಿನ್ನಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಎಲ್ಲಿ ಸೇರಿಸಬೇಕು ಎಂದು ಕೇಳುತ್ತಿದ್ದಾರೆ. ಬೇಗ ಬರಿ, ಏಪ್ರಿಲ್ ಬಂದೇಬಿಟ್ಟಿತು.

ಸೂಜಿ


೩೦ ಮಾರ್ಚ್

ತಂಗಿ,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ಓದಿದೆ, ಊಟ ಸೇರಲಿಲ್ಲ. ನನಗೆ ಬೇಡದ್ದನ್ನು ಸಾಗಹಾಕಿದೆನಂತೆ. ಒಂದು ಎಂಜಿನ್ನಿಗಾಗಿ ಇಲ್ಲಿ ಕೆಲಸ ಮುಗಿಸಿ ಮತ್ತೊಬ್ಬನ ದೋಣಿಯ ಹೊಟ್ಟೆಯೊಳಗೆ ಮಲಗಿ ಕೈ ಸುಟ್ಟುಕೊಂಡಿದ್ದೇನೆ, ಎಡಗೈಯ ಎರಡು ಬೆರಳು ಮಡಚುತ್ತಿಲ್ಲ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಭಾವ ಬರೆಸುವ ಹಾಗೆ ಮಾಡಿದರು.

ಅದುರುವುದು ಅದರ ಗುಣ. ಎಣ್ಣೆ ಜಿನುಗಿದರೆ ಬೋಲ್ಟು ಬಿಗಿ ಮಾಡಲಿ. ಬೆಲ್ಟು ಬೇರೆ ತರಲಿ, ತಂತಿಗೆ ತುಂಡು ಸೇರಿಸಲಿ. ಆ ಪೈಪಿನ ಬಾಯಿಗೊಂದು ಬೋಲ್ಟ್ ತುರುಕಿ, ತಂತಿ ಸುತ್ತಿ ಕಟ್ಟಿಬಿಡಲಿ. ಪೆಟ್ರೋಲ್ ಎಂಜಿನ್ನಿಗೆ ಅಂಥ ಬಾಲಗಳು ಬೇಕಾದಷ್ಟು, ಡೀಸೆಲ್ಲಿಗೆ ಬೇಕಿಲ್ಲ.

ಇದನ್ನು ಭಾವನಿಗೆ ಗಟ್ಟಿಯಾಗಿ ಓದು: ಇನ್ನೊಂದು ದೂರು ಬಂದರೆ ನಾನು ಉತ್ತರವನ್ನೇ ಬರೆಯುವುದಿಲ್ಲ.

ಅಣ್ಣ


೧೩ ಏಪ್ರಿಲ್

ಅಣ್ಣಾ,

ಓಡಿತು! ನಿನ್ನ ಕಾಗದ ಓದಿ ಹೇಳಿದಾಗ ಇವರು ಹೋಗಿ ಎಲ್ಲ ನೀನು ಹೇಳಿದ ಹಾಗೇ ಮಾಡಿದರು. ಪೈಪಿಗೆ ಬೋಲ್ಟು ತುರುಕಿ ಕಟ್ಟಿದರು. ಮೊದಲ ದಿನ ಇಡೀ ಬೀದಿ ಬಾಗಿಲಿಗೆ ಬಂದು ನಿಂತಿತು. ಹಿಟ್ಟಿನ ಗಿರಣಿ ಎದ್ದು ನಡೆದ ಹಾಗೆ ಸದ್ದು. ಜನ ತುಂಬಿಕೊಂಡು ಏರನ್ನು ಒಂದೇ ಉಸಿರಿಗೆ ಹತ್ತಿತಂತೆ. ಮೇಸ್ತ್ರಿ ಕೆಲಸ ಉಳಿಸಿಕೊಟ್ಟ. ಅಜ್ಜ ಮತ್ತೆ ಮುಂದಿನ ಸೀಟಿಗೆ ಬಂದ. ಮೊಟ್ಟೆಯ ಲೆಕ್ಕ ಕೇಳಿದ್ದಕ್ಕೆ "ನಿನ್ನ ಡೀಸೆಲ್ಲು ದಾರೀಲೇ ಆಮ್ಲೆಟ್ ಮಾಡ್ಕೊಡುತ್ತೆ, ನನಗಿನ್ನು ಕೆಲಸ ಇಲ್ಲ" ಎಂದನಂತೆ. ಇವರು ಅದನ್ನು ನನಗೆ ಹೇಳುವಾಗ ನಗು ತಡೆಯಲಾರದೆ ಕೆಮ್ಮಿದರು. ಅಣ್ಣಾ, ಎಷ್ಟು ಕಾಲವಾಗಿತ್ತು ಆ ನಗು ಕೇಳಿ. ನಿನ್ನ ಬೆರಳುಗಳನ್ನು ನೆನೆದು ಅತ್ತೆ, ಅದನ್ನೂ ಬರೆಯುತ್ತೇನೆ.

ಇವರು ಮೂರು ಮಾತು ಬರಿ ಎಂದಿದ್ದಾರೆ. ಒಂದು, ಎಣ್ಣೆ ಜಿನುಗುವುದು ನಿಂತಿದೆ. ಎರಡು, ಮೊದಲ ದಿನ ಅಭ್ಯಾಸಬಲದಲ್ಲಿ ಕೀಲಿ ತಿರುಗಿಸಿ ಇಳಿದು ಹೋದರೆ ಗಾಡಿ ಗುಡುಗುಡು ಅನ್ನುತ್ತಲೇ ಇತ್ತು, ಈಗ ತಂತಿ ಎಳೆಯುವುದು ರೂಢಿಯಾಗಿದೆ. ಮೂರನೆಯದು ಇರಲಿ ಬಿಡು. ಅದು ಸ್ವಲ್ಪ ದೂರಿನ ಥರ ಇದೆ, ನಿನ್ನ ಮೂಗಿನ ತುದಿಯ ಸಿಟ್ಟು ನನಗೆ ಗೊತ್ತು. ಗಾಡಿ ಹೊಸದು, ಓಡಾಡುತ್ತಾ ತಾನೇ ಸರಿಹೋದೀತು.

ಸೂಜಿ


೨೪ ಏಪ್ರಿಲ್

ಪ್ರೀತಿಯ ಸೂಜಿ,

ನಿನ್ನ ಕಾಗದವನ್ನು ಬಂದರಿನಲ್ಲಿ ಸಿಕ್ಕವರಿಗೆಲ್ಲ ಓದಿ ಹೇಳಿದೆ. ಗುಡ್ಡ ಹತ್ತುವ ದೋಣಿ ಎಂದು ನಗುತ್ತಾರೆ. ನಗಲಿ. ಬೆರಳಿನ ಚಿಂತೆ ಮಾಡಬೇಡ, ಒಂದು ಮಡಚುತ್ತಿದೆ, ಇನ್ನೊಂದು ಯೋಚಿಸುತ್ತಿದೆ.

ಮೂರನೆಯದನ್ನು ನುಂಗಿಕೊಂಡದ್ದು ಒಳ್ಳೆಯದಾಯಿತು. ಒಳ್ಳೆಯ ಸುದ್ದಿಗೆ ಬಾಲ ಇರಬಾರದು. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದ ಮೇಲೆ ಬರುತ್ತೇನೆ. ಅಜ್ಜನನ್ನು ಹಿಂದೆ ಕೂರಿಸಿ ಮುಂದಿನ ಸೀಟಿನಲ್ಲಿ ನಾನೇ ಕೂರುತ್ತೇನೆ.

ಅಣ್ಣ


೧೮ ಮೇ

ಸೂಜಿ,

ಕಾಗದವೇ ಇಲ್ಲ. ಗಾಡಿ ಓಡಿತು ಎಂದ ಮೇಲೆ ಅಣ್ಣ ಯಾಕೆ ಬೇಕು, ಅಲ್ಲವಾ? ಒಂದು ಸಾಲು ಬರಿ.

ಅಣ್ಣ


೨೯ ಮೇ

ಅಣ್ಣಾ,

ಅಜ್ಜ ಹೋದ.

ಈ ತಿಂಗಳ ಮೊದಲ ವಾರ, ಸಂಜೆ, ಕೆಲಸ ಬಿಟ್ಟ ಜನರನ್ನು ಇಳಿಸಿಕೊಂಡು ಬರುವಾಗ. ನೀರಿನ ಟ್ಯಾಂಕಿನ ಮೇಲಿನ ಇಳಿಜಾರಿನಲ್ಲಿ ಗಾಡಿ ಹಿಡಿತಕ್ಕೆ ಬರಲಿಲ್ಲ. ಗೇರ್ ಇಳಿಸಲು ಹೋದರೆ ಗೇರ್ ಬೀಳಲಿಲ್ಲ. ಎಡಕ್ಕೆ ಬಂಡೆ, ಬಲಕ್ಕೆ ಗಣಿಯ ಹಳೆಯ ಹೊಂಡ. ಹಿಂದೆ ಅಷ್ಟೊಂದು ಜನ. ಇವರು ಬಂಡೆಯ ಕಡೆಗೆ ತಿರುಗಿಸಿದರು. ಎಡಗಡೆಯ ಮುಂದಿನ ಸೀಟಿನಲ್ಲಿ ಅಜ್ಜ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿಂದೆ ಕೂತವರಲ್ಲಿ ಒಬ್ಬನ ಕೈ ಮುರಿದಿದೆ, ಮಿಕ್ಕವರು ಬದುಕಿದ್ದಾರೆ. ಇವರ ಎಡಗಾಲು ಮೊಣಕಾಲಿನಿಂದ ಕೆಳಗೆ ನುಚ್ಚಾಗಿದೆ.

ಆಸ್ಪತ್ರೆಯಲ್ಲಿ ಮೊದಲು ಕಣ್ಣು ಬಿಟ್ಟಾಗ ಹೇಳಿದ್ದು ಇಷ್ಟೇ: "ಒತ್ತಿದೆ ಕಣೇ, ಎರಡೂ ಕಾಲಲ್ಲಿ ಒತ್ತಿದೆ. ಅದು ಕಲ್ಲು." ಆಮೇಲೆ ಮಾತು ನಿಂತಿತು.

ಮುರಿದ ಗಾಡಿಯನ್ನು ನೋಡಲು ಠಾಣೆಯಿಂದ ಬಂದವರು ಬ್ರೇಕ್ ಎಣ್ಣೆ ಇದೆ, ಎಲ್ಲೂ ಸೋರಿಲ್ಲ, ಡ್ರೈವರನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು. ಲೈಸೆನ್ಸ್ ಕಿತ್ತುಕೊಂಡರು. ಅಜ್ಜನ ಮಗಳು ಬಂದು ನಮ್ಮ ಬಾಗಿಲಲ್ಲಿ ನಿಂತು ಏನೂ ಅನ್ನದೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಮನೆಗೆ ಕರೆತಂದಿದ್ದೇವೆ. ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ನಿದ್ದೆಯಲ್ಲಿ ಒಳ್ಳೆಯ ಕಾಲಿನಿಂದ ಗೋಡೆಯನ್ನು ಒತ್ತುತ್ತಾರೆ. ಸುಣ್ಣ ಉದುರಿ ಅಲ್ಲೊಂದು ಪಾದದ ಗುರುತಾಗಿದೆ. ನಾನು ಹೊಲಿಗೆ ಯಂತ್ರವನ್ನು ಬೇರೆ ಕೋಣೆಗೆ ಎಳೆದುಕೊಂಡೆ, ನನ್ನ ಕಾಲು ಪೆಡಲಿನ ಮೇಲೆ ಆಡುವುದನ್ನು ಅವರು ನೋಡಬಾರದೆಂದು.

ಸೂಜಿ


೭ ಜೂನ್

ಸೂಜಿ,

ಅಜ್ಜನ ಸುದ್ದಿ ಓದಿದೆ. ದೋಣಿಗಳು ದಡಕ್ಕೆ ಬಂದಿವೆ. ಮುಂದಿನ ವಾರ ಹೊರಡುತ್ತೇನೆ. ಭಾವನನ್ನು ಎಬ್ಬಿಸೋಣ. ಒಂದು ಸಲ ಎಬ್ಬಿಸಿದ್ದೇನೆ, ಮತ್ತೆ ಎಬ್ಬಿಸುತ್ತೇನೆ.

ಅಣ್ಣ


೧೫ ಜೂನ್

ಅಣ್ಣಾ,

ಬರಬೇಡ. ನಿನ್ನ ಕಾಗದ ಓದಿ ಹೇಳಿದೆ. ಗೋಡೆಯ ಕಡೆಯಿಂದ ತಿರುಗದೆಯೇ ಹೇಳಿದರು: "ಅವನು ಈ ಹೊಸಿಲು ದಾಟಿದರೆ ನಾನು ತೆವಳಿಕೊಂಡಾದರೂ ಆಚೆ ಹೋಗ್ತೀನಿ." ತಿಂಗಳಿಗೊಮ್ಮೆ ಬಾಯಿ ಬಿಡುವವರು ಬಿಟ್ಟ ಬಾಯಲ್ಲಿ ಬಂದ ಮಾತು ಇದು. ಯಾಕೆ ಎಂದು ನನ್ನನ್ನು ಕೇಳಬೇಡ. ದಯವಿಟ್ಟು ಬರಬೇಡ.

ಸೂಜಿ


೧೧ ಜುಲೈ

ಸೂಜಿ,

ಯಾಕೆ ಎಂದು ಕೇಳುವುದಿಲ್ಲ. ಉತ್ತರ ನನಗೇ ಸಿಕ್ಕಿದೆ.

ನಿನ್ನೆ ಬಂದರಿನ ರಸ್ತೆಯಲ್ಲಿ ಐಸ್ ಸಾಗಿಸುವ ಡೀಸೆಲ್ ವ್ಯಾನೊಂದು ಬಾನೆಟ್ ತೆರೆದು ನಿಂತಿತ್ತು. ಸುಮ್ಮನೆ ಬಗ್ಗಿ ನೋಡಿದೆ. ಪೆಡಲಿನ ಮುಂದೆ ದುಂಡನೆಯ ಕಪ್ಪು ಡಬ್ಬಿ. ಅದರಿಂದ ದಪ್ಪ ರಬ್ಬರ್ ಪೈಪು. ಪೈಪಿನ ತುದಿ ಡೈನಮೋದ ಹಿಂದಿರುವ ಅಂಗೈಯಗಲದ ಪಂಪಿಗೆ ಸೇರಿತ್ತು. ಇದೇನು ಎಂದು ಡ್ರೈವರನನ್ನು ಕೇಳಿದೆ. ಅವನು ನನ್ನನ್ನು ಹುಚ್ಚನ ಹಾಗೆ ನೋಡಿ, ಬ್ರೇಕಿಗೆ ಎಂದ.

ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಆ ಪೈಪಿನಿಂದಲೂ ಎಳೆಯುತ್ತದೆ. ಆ ಎಳೆತವೇ ಡಬ್ಬಿಯಲ್ಲಿ ಕೂತು ಕಾಲಿಗೆ ಬಲ ಕೊಡುತ್ತದೆ. ಡೀಸೆಲ್ಲು ಹಾಗೆ ಎಳೆಯುವುದಿಲ್ಲ. ಅದಕ್ಕೆ ಬೇರೆಯೇ ಪಂಪು ಕೂರಿಸಬೇಕು. ಕೂರಿಸದಿದ್ದರೆ ಬ್ರೇಕ್ ಇರುತ್ತದೆ, ಆದರೆ ಜನ ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಲು ಮನುಷ್ಯನ ಕಾಲು ಸಾಲುವುದಿಲ್ಲ. ನಾನು ಕಳಿಸಿದ ಎಂಜಿನ್ನಿಗೆ ಆ ಪಂಪು ಇರಲಿಲ್ಲ. ಯಾಕಿರುತ್ತದೆ? ದೋಣಿಗೆ ಬ್ರೇಕ್ ಇಲ್ಲ. ಆಯುಷ್ಯವಿಡೀ ಎಂಜಿನ್ ಬಿಚ್ಚಿದ ನನಗೆ ಓಡಿಸುವುದು ಗೊತ್ತು, ನಿಲ್ಲಿಸುವುದು ಎಂದರೆ ತಂತಿ ಎಳೆಯುವುದು ಎಂದಷ್ಟೇ ಗೊತ್ತು.

ನಿನ್ನ ಮಾರ್ಚ್ ತಿಂಗಳ ಕಾಗದ ತೆಗೆದು ನೋಡಿದೆ. ಬ್ರೇಕ್ ಪೆಡಲಿನ ಮುಂದಿರುವ ಡಬ್ಬಿ ಎಂದು ನೀನು ಸ್ಪಷ್ಟವಾಗಿ ಬರೆದಿದ್ದೀಯ. ನಾನು ಸಿಟ್ಟಿನಲ್ಲಿ ಪೈಪು ಎಂದಷ್ಟೇ ಓದಿದೆ, ಬೋಲ್ಟ್ ತುರುಕಿ ಎಂದು ಬರೆದೆ. ಭಾವ ಅಜಾಗರೂಕರಲ್ಲ. ಅಜ್ಜನನ್ನು ಕೊಂದವನು ನಾನು. ಮನೆಯಲ್ಲಿ ಕೂತರೆ ಗೋಡೆ ಕಾಣುತ್ತದೆ, ಸಮುದ್ರದ ಕಡೆ ಹೋದರೆ ದೋಣಿಗಳ ಸದ್ದು ಕೇಳುತ್ತದೆ. ಎಲ್ಲಿ ಹೋಗಲಿ?

ಒಂದನ್ನು ಮಾತ್ರ ನೀನು ಹೇಳಬೇಕು. ಏಪ್ರಿಲ್ ಕಾಗದದಲ್ಲಿ ಮೂರನೆಯ ಮಾತು ಇರಲಿ ಬಿಡು ಎಂದು ನೀನು ಬರೆದಿದ್ದೆ. ಅದೇನು?

ಅಣ್ಣ


೨೪ ಜುಲೈ

ಅಣ್ಣಾ,

ಅದು ನಿನಗೆ ಗೊತ್ತಾಗಿದೆ. ಆದರೂ ಕೇಳಿದ್ದೀಯ, ಬರೆಯುತ್ತೇನೆ.

ಅವತ್ತು ಇವರು ಹೇಳಿದ್ದು: "ಬ್ರೇಕ್ ಪೆಡಲು ಕಲ್ಲು ತುಳಿದಂಗಿದೆ, ಇಳಿಯುವಾಗ ಭಯ ಆಗುತ್ತೆ, ಏನು ಮಾಡ್ಲಿ ಅಂತ ನಿಮ್ಮಣ್ಣನ್ನ ಕೇಳು." ಇವರು ಭಯ ಎಂಬ ಪದ ಬಳಸಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆದರೂ ಬರೆಯಲಿಲ್ಲ. ನಿನ್ನ ಸುಟ್ಟ ಬೆರಳು ಕಣ್ಣ ಮುಂದಿತ್ತು. ಇನ್ನೊಂದು ದೂರು ಬಂದರೆ ಉತ್ತರವೇ ಇಲ್ಲ ಎಂದು ನೀನು ಬರೆದಿದ್ದೆ. ಇವರೂ ನಗುತ್ತಿದ್ದರು, ನೀನೂ ಖುಷಿಯಾಗಿರು ಎಂದುಕೊಂಡೆ. ನನಗೆ ಎಲ್ಲರೂ ಚೆನ್ನಾಗಿರಬೇಕಿತ್ತು, ಅಷ್ಟೇ.

ನಿನ್ನ ಉತ್ತರ ಬಂದಾಗ ಇವರು ಕೇಳಿದರು: "ಬ್ರೇಕಿಗೇನಂದ?" ನಾನು "ಏನೂ ಬರೆದಿಲ್ಲ" ಎಂದೆ. ಅದು ಸುಳ್ಳಲ್ಲ, ನೋಡು. ನೀನು ಏನೂ ಬರೆದಿರಲಿಲ್ಲ. ಇವರು "ಹೇಳಿದ್ನಲ್ಲ, ದೂರು ಬಂದ್ರೆ ಉತ್ತರ ಇಲ್ಲ ಅಂತ" ಎಂದು ಗಾಡಿ ತೆಗೆದುಕೊಂಡು ಹೋದರು. ಆಮೇಲೂ ದಿನಾ ಓಡಿಸಿದರು. ನೀನು ಓದಿ ಸುಮ್ಮನಿದ್ದೆ ಎಂದೇ ಇವರ ತಲೆಯಲ್ಲಿದೆ. ಅದಕ್ಕೇ ನಿನ್ನನ್ನು ಹೊಸಿಲು ದಾಟಿಸುವುದಿಲ್ಲ ಎನ್ನುವುದು.

ನಿನ್ನ ಹೋದ ಕಾಗದವನ್ನು ಇವರಿಗೆ ಇನ್ನೂ ಓದಿಲ್ಲ. ಓದಿದರೆ ಮೂರನೆಯ ಮಾತಿನ ಸಾಲೂ ಬರುತ್ತದೆ. ಹೇಳಬೇಕೆಂದು ಪ್ರತಿ ಸಲ ಗಂಜಿ ಹಿಡಿದು ಒಳಗೆ ಹೋಗುತ್ತೇನೆ. ನನ್ನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ತಿನ್ನುವುದಿಲ್ಲ ಅವರು. ತಿನ್ನಿಸಿ, ಬಟ್ಟಲು ತೆಗೆದುಕೊಂಡು ಈಚೆ ಬರುತ್ತೇನೆ. ಹೇಳಿದರೆ ಅವರಿಗೆ ಈ ಮನೆಯಲ್ಲಿ ಯಾರೂ ಇರುವುದಿಲ್ಲ. ಹೇಳದೆ ಇರಲು ನನಗೆ ಆಗುತ್ತಿಲ್ಲ.

ಏನು ಮಾಡಲಿ, ಬರಿ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಸೂಜಿ


೩ ಆಗಸ್ಟ್

ಭಾವನವರಿಗೆ,

ಈ ಕಾಗದ ನಿಮಗೆ. ಇಷ್ಟು ಕಾಲ ತಂಗಿಗೆ ಬರೆದು ನಿಮಗೆ ಹೇಳಿಸುತ್ತಿದ್ದೆ. ಇದನ್ನೂ ಅವಳೇ ಓದಿ ಹೇಳಬೇಕು, ಬೇರೆ ದಾರಿ ಇಲ್ಲ.

ಏಪ್ರಿಲಿನಲ್ಲಿ ನೀವು ಮೂರು ಮಾತು ಬರೆಸಿದ್ದಿರಿ. ಮೂರೂ ನನ್ನ ಕೈಸೇರಿದವು. ಬ್ರೇಕ್ ಪೆಡಲು ಕಲ್ಲು ತುಳಿದ ಹಾಗಿದೆ, ಇಳಿಯುವಾಗ ಭಯವಾಗುತ್ತದೆ, ಏನು ಮಾಡಲಿ ಎಂದು ನೀವು ಕೇಳಿದ್ದನ್ನು ತಂಗಿ ಅಚ್ಚುಕಟ್ಟಾಗಿ ಬರೆದಿದ್ದಳು. ನಾನು ಓದಿದೆ. ಮತ್ತೆ ದೂರು ಎಂದು ಸಿಟ್ಟು ಬಂತು. ಉತ್ತರ ಬರೆಯಲಿಲ್ಲ.

ತಪ್ಪು ನಿಮ್ಮ ಕಾಲಿನದಲ್ಲ. ನಾನು ಮುಚ್ಚಿಸಿದ ಪೈಪು ಬ್ರೇಕಿನದು. ಎಷ್ಟು ಒತ್ತಿದ್ದರೂ ಆ ಗಾಡಿ ನಿಲ್ಲುತ್ತಿರಲಿಲ್ಲ. ಬಂಡೆಯ ಕಡೆ ತಿರುಗಿಸಿ ಅಷ್ಟು ಜನರನ್ನು ಉಳಿಸಿದವರು ನೀವು. ಪೈಪಿನ ವಿಷಯವನ್ನು ನಿಮ್ಮ ಊರಿನ ಠಾಣೆಗೂ ಅಜ್ಜನ ಮಗಳಿಗೂ ಸಹಿ ಹಾಕಿ ಬರೆದಿದ್ದೇನೆ. ಅವರು ಏನು ಮಾಡಿದರೂ ಸರಿ.

ನಾನು ನಿಮ್ಮ ಮನೆಗೆ ಬರುವುದಿಲ್ಲ. ತಂಗಿಯ ಕಾಗದಕ್ಕೂ ಕಾಯುವುದಿಲ್ಲ. ಬೈಯಬೇಕು ಅನ್ನಿಸಿದಾಗ ನನ್ನನ್ನು ಬೈಯಿರಿ. ಗೋಡೆಯನ್ನು ಬಿಟ್ಟು ಎದ್ದು ಕೂತು ಬೈಯಿರಿ. ಅವಳು ಪಕ್ಕದಲ್ಲಿರುತ್ತಾಳೆ.

ಸೂಜಿ, ಓದುವಾಗ ಈ ಸಲ ಒಂದು ಸಾಲನ್ನೂ ಬಿಡಬೇಡ.

ಅಣ್ಣ